ಅಪ್ಪನ ಕಾಲದ ಬಂದೂಕಿನ ಮದ್ದು

ವಿಜಯಪುರದ ಒಂದು ಬಂದೂಕಿನ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡುತ್ತ ನನಗೆ ಮೂವತ್ತು ವರ್ಷವಾಯಿತು. ಈಗ ಹೊಸ ಬಂದೂಕು ಕೊಳ್ಳಲು ಯಾರೂ ಬರುವುದಿಲ್ಲ. ಬರುವವರೆಲ್ಲ ಮನೆಯ ಹಿರಿಯರು ತೀರಿಹೋದ ಮೇಲೆ ಕಪಾಟಿನಲ್ಲಿ ಸಿಕ್ಕ ಹಳೆ ಮದ್ದಿನ ಡಬ್ಬಿ ಹಿಡಿದುಕೊಂಡು, “ಇದು ಇನ್ನೂ ನಡೀತೈತೇನ್ರಿ?” ಎಂದು ಕೇಳುವವರು. ಹೀಗಾಗಿ ನಮ್ಮಲ್ಲಿ ಅಳುವವರಿಗೂ ನಗುವವರಿಗೂ ಒಂದೇ ಬೆಂಚು.

ನಾಕು ಚಾ

ನಮ್ಮ ಮಾಲಕರ ಎಡಗೈಯಲ್ಲಿ ಇರುವುದು ಮೂರೇ ಬೆರಳು. ವಯಸ್ಸಿನಲ್ಲಿದ್ದಾಗ ಎರಡು ಡಬ್ಬಿಗಳ ತಳದಲ್ಲಿ ಉಳಿದಿದ್ದ ಮದ್ದನ್ನು ಒಂದರಲ್ಲೇ ಸುರಿದು, ಹಳೆ ಬಂದೂಕಿಗೆ ತುಂಬಿ ಹೊಡೆದು ನೋಡಿದ್ದರು. ಒಂದು ಕರಿಮದ್ದು, ಇನ್ನೊಂದು ಈಗಿನ ಬಂದೂಕಿನ ತೋಟಾಗಳಿಗೆ ಹಾಕುವ, ಹೊಗೆ ಬಾರದ ಮದ್ದು. ಡಬ್ಬಿಯ ಮೇಲೆ ಚೀಟಿ ಇರಲಿಲ್ಲ. ಎರಡೂ ನೋಡಲು ಕರ್ರಗೇ ಇದ್ದವು, ಜೋರು ಮಾತ್ರ ಬೇರೆ. ನಳಿಗೆ ಸೀಳಿತು, ಜೊತೆಗೆ ಎರಡು ಬೆರಳೂ ಹೋದವು.

ಒಂದು ದಿನ ಅರಕೇರಿಯ ಇಬ್ಬರು ಗಿರಾಕಿಗಳು, ಅಣ್ಣ ತಮ್ಮ, ಎರಡು ಅರ್ಧರ್ಧ ಡಬ್ಬಿ ತಂದು, “ಕೂಡಿಸಿ ಒಂದ ಮಾಡಿಕೊಡ್ರಿ, ಜಾಗಾ ಉಳೀತೈತಿ” ಅಂದರು. ಮಾಲಕರು ರಸ್ತೆಯಾಚೆಯ ಚಹಾದಂಗಡಿಗೆ ಎಡಗೈ ಎತ್ತಿ, “ನಾಕು ಚಾ!” ಎಂದು ಕೂಗಿದರು. ಗಾಡಿಗಳ ಗದ್ದಲದಲ್ಲಿ ಕೂಗು ಚಹಾದ ಹುಡುಗನಿಗೆ ಕೇಳಲಿಲ್ಲ. ಮೂರು ಚಹಾ ಬಂದವು.

“ನಾಕು ಹೇಳಿದ್ನಲ್ಲೋ?”

“ನೀವು ತೋರಿಸಿದ್ದು ಮೂರ್ರಿ.”

ಮಾಲಕರು ತಮ್ಮ ಕೈಯನ್ನು ನೋಡಿಕೊಂಡರು. “ಖರೇ ಐತಿ. ಉಳದ ಒಂದು ಚಾ ಹಾರಿ ಹೋಗಿ ಭಾಳ ವರ್ಷ ಆತು.”

ಅಣ್ಣ ತಮ್ಮ ಇಬ್ಬರೂ ತಮ್ಮ ತಮ್ಮ ಡಬ್ಬಿಗೆ ಬೇರೆ ಬೇರೆಯಾಗಿ ಮುಚ್ಚಳ ಹಾಕಿದರು.

ಫೋಟೋದ ಕೆಳಗೆ

ಅಥಣಿ ರಸ್ತೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಮೇಲೆ ಬಂದರು. ಕಾಲುಗಳ ನಡುವೆ ಅವರಪ್ಪನ ಮದ್ದಿನ ಡಬ್ಬಿ. ದಾರಿಯ ಹಂಪ್‌ಗಳನ್ನೆಲ್ಲ ಅದು ಅವರ ಜೊತೆಗೇ ಹಾರಿತ್ತು.

ಮುಚ್ಚಳ ತೆರೆದರೆ ಮೂಗು ಚುರ್ರೆನ್ನುವ ಹುಳಿ ವಾಸನೆ. ಒಳಗೆ ಕೆಂಪು ಧೂಳು, ಡಬ್ಬಿಯ ಗೋಡೆಗೆಲ್ಲ ತುಕ್ಕು.

“ಇದರ ಮ್ಯಾಲ ಎಕ್ಸ್‌ಪೈರಿ ಡೇಟ ಇಲ್ಲಲ್ರಿ?” ಅಂದರು.

“ಕರಿಮದ್ದು ಒಣಗಿದ ಜಾಗಾದಾಗ ಇದ್ರ ಹತ್ತಾರು ವರ್ಷ ಇರ್ತೈತ್ರಿ. ಇದು ಬ್ಯಾರೇದು, ಹೊಗಿ ಬಾರದ ಮದ್ದು. ಬಿಸಿಲಿಗೆ ಒಳಗಿಂದೊಳಗ ಕೆಡ್ತೈತಿ. ಕೆಟ್ಟ ಮ್ಯಾಲ ಕಡ್ಡಿ ಗೀರೂದೂ ಬ್ಯಾಡ, ತಾನ ಹೊತ್ತಿಕೊಂತೈತಿ. ಮನ್ಯಾಗ ಎಲ್ಲಿ ಇಟ್ಟಿದ್ರಿ?” ಅಂದೆ.

ಅವರು ತಲೆ ತಗ್ಗಿಸಿದರು. “ಅಪ್ಪನ ಫೋಟೋದ ಕೆಳಗ. ದಿನಾ ಮುಚ್ಚಳ ತಗದು ವಾಸನಿ ನೋಡ್ತಿದ್ದೆ. ಅವರ ಕೋಟಿಂದೂ ಇದ ವಾಸನಿ ಇತ್ತು.”

“ಫೋಟೋದ ಮುಂದ ದೀಪಾ?”

“ಎರಡೂ ಹೊತ್ತು ಹಚ್ಚತೇವ್ರಿ.”

ಡಬ್ಬಿಯನ್ನು ಅಲುಗಿಸದೆ ಹಿತ್ತಲಿನ ಬಯಲಿನಲ್ಲಿ ನೆರಳಿಗಿಟ್ಟು ಪೊಲೀಸರಿಗೆ ಫೋನ್ ಮಾಡಿದೆವು. ಅದರ ಕೆಲಸ ಬಲ್ಲವರು ಬಂದು ಒಯ್ದರು. ಜೀಪು ಹೋಗುವವರೆಗೂ ಆ ಮನುಷ್ಯ ನಿಂತು ನೋಡಿದರು. ಕಣ್ಣು ತುಂಬಿತ್ತು.

“ಅಪ್ಪ ಬ್ಯಾಂಕ್ ಸೇರಬ್ಯಾಡ, ಹೊಲಾ ಮಾಡು ಅಂದಿದ್ರು,” ಎಂದರು. “ಸಾಯೂಮುಂದ ಸಿಟ್ಟು ಇಳದೈತಿ ಅಂತ ತಿಳಕೊಂಡಿದ್ದೆ. ಡಬ್ಯಾಗ ತುಂಬಿಟ್ಟು ಹೋಗ್ಯಾರ ನೋಡ್ರಿ.”

ಗುರೆಳ್ಳು ಹಿಂಡಿ

ತಿಕೋಟಾದ ದ್ರಾಕ್ಷಿ ತೋಟದವರೊಬ್ಬರು ಹಕ್ಕಿ ಓಡಿಸಲು ಕರಿಮದ್ದು ಇಟ್ಟುಕೊಂಡಿದ್ದರು. ಡಬ್ಬಿ ಒಡೆದಿತ್ತೆಂದು ಅವರ ಮಗ ಮದ್ದನ್ನು ಅಡುಗೆಮನೆಯ ಖಾಲಿ ಭರಣಿಗೆ ಸುರಿದು, ಮನೆಯವರಿಗೆ ಹೇಳುವುದನ್ನು ಮರೆತ. ಮರುದಿನ ಸೊಸೆ ಅದನ್ನೇ ಗುರೆಳ್ಳು ಹಿಂಡಿ, ಅಂದರೆ ಕರ್ರಗಿನ ಚಟ್ನಿಪುಡಿ, ಎಂದು ಮಾವನ ರೊಟ್ಟಿಗೆ ಬಡಿಸಿದಳು. ಮುದುಕ ಎರಡು ತುತ್ತು ತಿಂದು, “ಉಪ್ಪು ಹೆಚ್ಚಾಗೈತಿ, ಖಾರ ಇಲ್ಲ” ಎಂದ. ಕೆಟ್ಟಿರಬೇಕೆಂದು ಸೊಸೆ ಭರಣಿಯನ್ನೇ ಎತ್ತಿ ಉರಿಯುವ ಒಲೆಗೆ ಸುರಿಯಲು ಹೋದಳು. ಅಷ್ಟರಲ್ಲಿ ಮಗ ಒಳಗೆ ಬಂದು ಅವಳ ಕೈ ಹಿಡಿದ. ಒಂದು ಗಳಿಗೆ ತಡವಾಗಿದ್ದರೆ ಆ ಮನೆಯ ಕಥೆ ಹೇಳಲು ಯಾರೂ ಉಳಿಯುತ್ತಿರಲಿಲ್ಲ.

ಆಮೇಲೆ ಮುದುಕನನ್ನು ದವಾಖಾನೆಗೆ ಕರೆತಂದರು. ಭರಣಿಯನ್ನು ಏನು ಮಾಡಬೇಕೆಂದು ಕೇಳಲು ಮಗ ನಮ್ಮ ಅಂಗಡಿಗೆ ಬಂದ.

“ಅಪ್ಪಾರು ಹೆಂಗದಾರ?” ಅಂದೆ.

“ಹೊಟ್ಟಿ ತೊಳದಾರ್ರಿ, ಆರಾಮದಾರ. ಎಚ್ಚರಾದ ಕೂಡ್ಲೆ ಬೀಡಿ ಕೇಳಿದ್ರು. ನಮ್ಮವ್ವ ಚೀರಿದ ಚೀರಿಗೆ ನರ್ಸಮ್ಮ ಓಡಿ ಬಂದ್ಲು.”

ಮುದುಕನ ಹೆಂಡತಿ ಮನೆಯ ಕಡ್ಡಿಪೆಟ್ಟಿಗೆಗಳನ್ನೆಲ್ಲ ಬಚ್ಚಿಟ್ಟಳಂತೆ. ಡಾಕ್ಟರು ಇಪ್ಪತ್ತು ವರ್ಷ ಹೇಳಿದರೂ ಬಿಡದ ಬೀಡಿಯನ್ನು ಮುದುಕ ಎರಡು ತುತ್ತಿಗೆ ಬಿಟ್ಟ.

ಮಮದಾಪುರದ ಮಣ್ಣು

ನಮ್ಮ ಹಳೆಯ ಗಿರಾಕಿಯೊಬ್ಬರು ಮಮದಾಪುರದಲ್ಲಿ ತೀರಿಕೊಂಡರು. ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕು ಅವರದು. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ನಾನು ಮಣ್ಣು ಕೊಡಲು ಹೋದೆ. ಅಂಗಳದಲ್ಲಿ ಹೆಣ ಕೂರಿಸಿದ್ದರು. ಅವರ ಹೆಂಡತಿ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ, ಅತ್ತೂ ಇರಲಿಲ್ಲ.

ಮಗ ಬಂದೂಕು ತಂದು, “ಅಪ್ಪನ ಮದ್ದು ಒಂದು ಬಾರಿಗೆ ಆಗೂವಷ್ಟು ಉಳದೈತ್ರಿ. ಅವನ ಹೆಸರಲೆ ಹಾರಸ್ತೇನಿ” ಅಂದ.

“ಬ್ಯಾಡಪ್ಪಾ, ಮದ್ದು ತಂಪು ಹಿಡದೈತಿ. ಹಂಗ ಹಾರಸೂದು ಕಾಯದೇಕ್ಕೂ ಹೊಂದೂದಿಲ್ಲ” ಎಂದೆ. ನಾನು ನೀರು ಕುಡಿದು ಬರುವಷ್ಟರಲ್ಲಿ ತುಂಬಿಬಿಟ್ಟಿದ್ದ. ಆಕಾಶಕ್ಕೆ ಎತ್ತಿ ಟ್ರಿಗರ್ ಎಳೆದ. ಠಕ್ ಎಂದಿತು, ಅಷ್ಟೇ.

ಮಗ ನಾಚಿ, ಏನಾಯಿತೆಂದು ನೋಡಲು ಬಂದೂಕು ಇಳಿಸತೊಡಗಿದ. ನಾನು ಕಿರುಚಿದೆ: “ಇಳಸಬ್ಯಾಡ! ಮ್ಯಾಲ ಹಿಡಿ! ಯಾರೂ ಅಳ್ಳಾಡಬ್ಯಾಡ್ರಿ!”

ಹಲಗೆಯ ಬಡಿತ ನಿಂತಿತು. ಭಜನೆ ನಿಂತಿತು. ಅಳುತ್ತಿದ್ದವರು ಬಾಯಿ ತೆರೆದುಕೊಂಡೇ ನಿಂತರು. ಒಳಗೆ ಸುಯ್ ಎಂಬ ಸಣ್ಣ ಸದ್ದು. ಇನ್ನು ಹಾರುವುದಿಲ್ಲ ಎಂದು ಯಾರೋ ಉಸಿರು ಬಿಟ್ಟರು. ಆಗ ಢಂ ಎಂದಿತು. ಹೆಣದ ಹಿಂದೆ ನಿಂತವರೆಲ್ಲ ಹೆಣದ ಮರೆಗೇ ಅಡಗಿದರು. ಅಂಗಳ ತುಂಬ ಹೊಗೆ. ಯಾರಿಗೂ ಏನೂ ಆಗಿರಲಿಲ್ಲ.

ಆ ಹೊಗೆಯಲ್ಲಿ ತೀರಿಕೊಂಡವರ ಹೆಂಡತಿ ಮೊದಲ ಸಲ ಮುಖ ಎತ್ತಿ, ಗಂಡನ ಹೆಣದ ಕಡೆ ನೋಡಿ ಹೇಳಿದಳು:

“ನಲವತ್ತು ವರ್ಷ ಹಿಂಗ ಮಾಡಿದ್ರಿ. ಕೇಳಿದಾಗ ಸುಮ್ಮ ಕುಂಡರೂದು, ಎಲ್ಲಾರೂ ಮರತ ಮ್ಯಾಲ ಒಮ್ಮೆಲೆ ಒದರೂದು!”