ಮಾವನ ಫೋನು ಕದ್ದವನ ಕಷ್ಟ

ನಮ್ಮ ಸೋದರಮಾವನಿಗೆ ಹೆಸರೇ ಇಲ್ಲ ಎಂದರೆ ನೀವು ನಂಬುತ್ತೀರಾ? ಆಧಾರ್ ಕಾರ್ಡಿನಲ್ಲಿ ಒಂದಿದೆ, ನಿಜ. ಅತ್ತೆಗೆ ಸಿಟ್ಟು ಬಂದಾಗ ಬಾಯಿಗೆ ಬರುವ ಇನ್ನೂ ಒಂದೆರಡಿವೆ, ಅವನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಹೆಸರು ಹಾಕಬೇಕಾದ ಕಡೆಯಲ್ಲೆಲ್ಲ ಮಾವ ಹಾಕುವುದು ತಮ್ಮ ಮೊಬೈಲ್ ನಂಬರನ್ನು! ನಾವೆಲ್ಲ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯವನ ಮುಂದೆಯೇ ಕೂತು ಹೆಸರು ಕೊರೆಸುತ್ತೇವೆ. ಮಾವ ಹತ್ತು ಅಂಕಿ ಕೊರೆಸುತ್ತಾರೆ. ತಪ್ಪಲೆಗೆ, ತಟ್ಟೆಗೆ, ಕೊನೆಗೆ ಚಮಚಕ್ಕೂ! ಚಮಚದ ಹಿಡಿಯಲ್ಲಿ ಏಳೇ ಅಂಕಿ ಹಿಡಿದವಂತೆ. ಉಳಿದ ಮೂರನ್ನು ಬೆನ್ನಿಗೆ ಹಾಕಿಸಿದ್ದಾರೆ. ಬೀರೂರಿನಲ್ಲಿರುವ ಅವರ ಮೋಟಾರ್ ವೈಂಡಿಂಗ್ ಅಂಗಡಿಯ ಬೋರ್ಡಿನಲ್ಲೂ ಹೆಸರಿಲ್ಲ, ನಂಬರೇ. ಕೊಡೆ, ಟಾರ್ಚು, ಬಲಗಾಲಿನ ಚಪ್ಪಲಿ, ಎಲ್ಲಕ್ಕೂ ಅದೇ. "ಎಡಗಾಲಿಂದಕ್ಕೆ ಯಾಕಿಲ್ಲ ಮಾವ?" ಎಂದು ಒಮ್ಮೆ ಕೇಳಿದ್ದೆ. "ಅದೊಂದನ್ನೇ ಯಾರು ಕದೀತಾರೆ ಕಣೇ?" ಎಂದರು.

ನನ್ನ ಮದುವೆಗೆ ಮಾವ ಒಂದು ದೊಡ್ಡ ಕೊಳಗ ಕೊಟ್ಟರು. ಅದರ ಮೇಲೂ ವಧೂವರರ ಹೆಸರಿಲ್ಲ. ಕಡೂರಿನ ನಮ್ಮ ಮನೆಯ ಅಟ್ಟದ ಮೇಲೆ ಅದು ತಣ್ಣಗೆ ಕೂತಿದೆ ಎಂದೇ ನಾನು ತಿಳಿದಿದ್ದೆ. ಒಂದು ದಿನ ಮಾವನ ಫೋನು ಬಂತು. "ನಿನ್ನ ಕೊಳಗ ತರೀಕೆರೇಲಿದೆ ಕಣೇ. ಯಾರದೋ ನಾಮಕರಣದ ಮನೇಲಿ. ಪಾಯ್ಸ ಮಾಡವ್ರಂತೆ." ನನ್ನ ಗಂಡ ನನಗೆ ಹೇಳದೆ ಅದನ್ನು ಸ್ನೇಹಿತರಿಗೆ ಕೊಟ್ಟಿದ್ದು, ಅವರು ಇನ್ಯಾರಿಗೋ ದಾಟಿಸಿದ್ದು, ಪಾತ್ರೆ ಯಾರದೆಂದು ತಿಳಿಯದೆ ಆ ಮನೆಯವರು ನಂಬರಿಗೆ ಫೋನ್ ಮಾಡಿದ್ದು, ಎಲ್ಲ ಹೊರಗೆ ಬಂತು. ಅಂದಿನಿಂದ ನನ್ನ ಗಂಡ ಯಾರಿಗಾದರೂ ಪಾತ್ರೆ ಕೊಡಬೇಕಾದರೆ ಮೊದಲು ತಿರುಗಿಸಿ ನೋಡುತ್ತಾರೆ.

ಇದೆಲ್ಲ ಹುಚ್ಚು ಎಂದು ನೀವು ನಗುವ ಮೊದಲು ದೊಡ್ಡಮ್ಮನ ವಿಷಯ ಹೇಳಿಬಿಡಬೇಕು. ದೊಡ್ಡಮ್ಮ ಎಂದರೆ ನನ್ನ ಅಮ್ಮನಿಗೂ ಮಾವನಿಗೂ ಅಕ್ಕ. ಅರವತ್ತು ದಾಟಿದೆ. ಬುದ್ಧಿ ಮಾತ್ರ ಏಳೆಂಟು ವರ್ಷದ ಹತ್ತಿರ ಎಲ್ಲೋ ನಿಂತುಬಿಟ್ಟಿದೆ. ಮದುವೆಯಾಗಲಿಲ್ಲ, ಶಾಲೆ ಹತ್ತಲಿಲ್ಲ, ಮಾವನ ಮನೆಯಲ್ಲೇ ಇದ್ದಾಳೆ. ಅವಳಿಗೆ ಇರುವುದು ಒಂದೇ ಹುಚ್ಚು, ರೈಲು. ಬೀರೂರಿನಂಥ ಜಂಕ್ಷನ್ನಿನಲ್ಲಿ ಆ ಹುಚ್ಚಿಗೆ ಕೊರತೆಯುಂಟೆ? ತರೀಕೆರೆ ಕಡೆಗೊಂದು, ಅಜ್ಜಂಪುರದ ಕಡೆಗೊಂದು, ಕಡೂರಿನ ಕಡೆಗೊಂದು. ಯಾವುದು ಮೊದಲು ಬಂದರೆ ಅದಕ್ಕೆ ಹತ್ತುತ್ತಾಳೆ. ಟಿಕೆಟ್ ಮಾತ್ರ ತಪ್ಪದೆ ಕೊಳ್ಳುತ್ತಾಳೆ. ಇಳಿಯುವುದು ಟಿಕೆಟ್ಟಿನಲ್ಲಿರುವ ಊರಲ್ಲಿ ಅಲ್ಲ, ಅಷ್ಟೇ. ಇಳಿದ ಮೇಲೆ ವಾಪಸು ಬರುವುದು ಹೇಗೆಂದು ಅವಳಿಗೆ ಗೊತ್ತಿಲ್ಲ.

ಗೊತ್ತಿರುವುದು ಮಾವನ ನಂಬರು. ಅದನ್ನು ಕಲಿಸಲು ಮಾವನಿಗೆ ಎರಡು ವರ್ಷ ಹಿಡಿಯಿತು. ಹತ್ತು ಅಂಕಿಯನ್ನೂ ಮಗ್ಗಿಯ ರಾಗಕ್ಕೆ ಕೂರಿಸಿ, ಬೆಳಿಗ್ಗೆ ಕಾಫಿಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ, ಇಬ್ಬರೂ ಜಗಲಿಯ ಮೇಲೆ ಕೂತು ಹೇಳುತ್ತಿದ್ದರು. ಈಗ ಯಾವ ಊರಲ್ಲಿ ಇಳಿದರೂ ದೊಡ್ಡಮ್ಮ ಟೀ ಮಾರುವವರ ಮುಂದೆಯೋ ಹೂವಿನವಳ ಮುಂದೆಯೋ ನಿಂತು ಒಂದೇ ಉಸಿರಿನಲ್ಲಿ ಆ ರಾಗ ಹಾಡುತ್ತಾಳೆ. ಅವರು ಮಾವನಿಗೆ ಫೋನ್ ಮಾಡುತ್ತಾರೆ, ಮಾವ ಹೋಗಿ ಕರೆತರುತ್ತಾರೆ. ನೆಂಟರೆಲ್ಲ ಬಾಗಿಲು ಹಾಕಿ ಕೂರಿಸಿ ಎಂದರು. "ಕುರೀನೇನ್ರೀ ಕೂಡಾಕಕ್ಕೆ?" ಎಂದು ಮಾವ ಅವರ ಮೇಲೆ ಹರಿಹಾಯ್ದರು. ವಿಳಾಸ ಬರೆದ ಚೀಟಿಯನ್ನು ಅತ್ತೆ ಒಂದು ಸಲ ಸೆರಗಿಗೆ ಪಿನ್ ಮಾಡಿದ್ದರು. "ನಾನೇನ್ ಪಾರ್ಸಲ್ಲಾ?" ಎಂದು ದೊಡ್ಡಮ್ಮ ಕಿತ್ತೆಸೆದಳು. ಹೀಗಾಗಿ ಮಾವನ ಆಸ್ತಿ ಅಂದರೆ ಆ ನಂಬರು. ಅದು ಬದಲಾಗುವಂತಿಲ್ಲ, ಸುಮ್ಮನಾಗುವಂತಿಲ್ಲ.

ಅಂಥ ನಂಬರಿದ್ದ ಫೋನು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕಳುವಾಯಿತು! ಯಗಟಿ ಬಸ್ಸಿಗೆ ಹತ್ತುವ ನೂಕುನುಗ್ಗಲಲ್ಲಿ ಯಾರೋ ಮಾವನ ಅಂಗಿಯ ಜೇಬಿಗೆ ಕೈ ಹಾಕಿದ್ದರು. ಒಂದು ಕೈಯಲ್ಲಿ ರಿಪೇರಿ ಮಾಡಿದ ಪಂಪು, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ. ಜೇಬು ಕಾಯಲು ಮೂರನೆಯ ಕೈ ಎಲ್ಲಿಂದ ತರುವುದು? ಪಂಪಿನ ಸಮೇತ ನೇರ ನಮ್ಮ ಮನೆಗೆ ಬಂದರು.

ಫೋನು ಕಳುವಾದರೆ ಏನು ಮಾಡಬೇಕು ಎಂಬುದು ಈಗ ಎಲ್ಲರಿಗೂ ಬಾಯಿಪಾಠ. ನಾನೂ ಶುರು ಮಾಡಿದೆ. "ಮೊದ್ಲು ಸಿಮ್ ಬ್ಲಾಕ್ ಮಾಡ್ಸೋಣ ಮಾವ. ಆಮೇಲೆ ಪೊಲೀಸ್ ಕಂಪ್ಲೇಂಟು, ಆಮೇಲೆ ಬ್ಯಾಂಕಿಗೆ..."

"ಬ್ಲಾಕ್ ಗೀಕ್ ಅಂದ್ರೆ ನೋಡು!" ಮಾವ ಪಂಪನ್ನು ನಮ್ಮ ಸೋಫಾದ ಮೇಲೆ ಕುಕ್ಕಿದರು. "ಅಕ್ಕ ಎಲ್ಲಾದ್ರೂ ಇಳಿದು ನಂಬರ್ ಹೇಳಿದ್ರೆ ಯಾರು ಎತ್ತಾರೆ? ಯಾರೂ ಎತ್ತದೇ ಇರೋದಕ್ಕಿಂತ ಕಳ್ಳ ಎತ್ತೋದು ವಾಸಿ. ನಿನ್ನ ಫೋನ್ ಕೊಡು ಇಲ್ಲಿ."

ಮೂರನೇ ರಿಂಗಿಗೆ ಆ ಕಡೆಯಿಂದ ಒಂದು ಎಳೆಯ ದನಿ "ಹಲೋ" ಎಂದಿತು. ನಾನು ಸ್ಪೀಕರ್ ಹಾಕಿದೆ.

"ಏನಪ್ಪಾ, ಈ ಫೋನಿನ ಯಜಮಾನ ಮಾತಾಡ್ತಿರೋದು. ಹೆದ್ರುಕೋಬೇಡ. ಸೆಟ್ಟು ನೀನೇ ಇಟ್ಕೋ."

ಮಾವ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು.

"ಆದ್ರೆ ಆಫ್ ಮಾಡ್ಬೇಡ ಕಣಪ್ಪಾ. ಚಾರ್ಜ್ ಹಾಕ್ತಿರು. ಪಿನ್ನು ಸ್ವಲ್ಪ ಲೂಸು, ಎಡಕ್ಕೆ ಓರೆ ಮಾಡಿ ಹಿಡ್ಕೊಂಡ್ರೆ ಹತ್ತತದೆ. ನಮ್ಮಕ್ಕ ಸಿಕ್ಕವ್ಳೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಯಾವ ಊರು ಅಂತ ಕೇಳ್ಕೊಂಡು ಈ ನಂಬರಿಗೆ ಒಂದು ಮಾತು ಹೇಳ್ಬಿಡು."

"ತಲೆ ಗಿಲೆ ಕೆಟ್ಟಿದ್ಯಾ ಸಾರ್?" ಎಂದು ಕಳ್ಳ ಫೋನಿಟ್ಟ.

ಒಂದು ಗಂಟೆ ಬಿಟ್ಟು ಮಾವ ಮತ್ತೆ ಮಾಡಿದರು. ಈ ಸಲ ಕಳ್ಳನೇ ಮೊದಲು ಮಾತಾಡಿದ. ಅವನ ದನಿಯಲ್ಲಿ ಅಳುವಿತ್ತು. "ಏನ್ ಸಾರ್ ಇದು? ಆಗ್ಲಿಂದ ಏಳು ಜನ ಫೋನ್ ಮಾಡವ್ರೆ. ಒಬ್ರು ಸ್ಟಾರ್ಟರ್ ಅಂತಾರೆ, ಒಬ್ರು ಬೇರಿಂಗ್ ಅಂತಾರೆ. ಇನ್ನೊಬ್ರು, ಯಾರೋ ಯಗಟಿಯವ್ರು, ತೋಟ ಒಣಗ್ತೈತೆ, ಮೋಟ್ರು ಯಾವಾಗ ಕೊಡ್ತೀಯಾ ಅಂತ ಹಿಗ್ಗಾಮುಗ್ಗಾ ಬೈದ್ರು."

"ನಾಳಿದ್ದು ಅಂತ ಹೇಳ್ಬಾರ್ದಾಗಿತ್ತಾ?"

"ನಾನೂ ಅದೇ ಹೇಳ್ದೆ ಸಾರ್. ಹೋದ್ವಾರನೂ ಅದೇ ಹೇಳಿದ್ದೆಯಲ್ಲೋ ಅಂತ ಇನ್ನೂ ಜಾಸ್ತಿ ಬೈದ್ರು!"

ಮಾವ ಅವನಿಗೆ ಸಮಾಧಾನ ಹೇಳಿದರು. ಹಳೇ ಗಿರಾಕಿ, ಬಾಯಿ ಜೋರು, ಮನಸ್ಸು ಒಳ್ಳೇದು ಎಂದರು. ಆದರೆ ಮೂರನೆಯ ಸಲ ಮಾಡುವ ಹೊತ್ತಿಗೆ ಫೋನು ಸ್ವಿಚ್ ಆಫ್ ಆಗಿತ್ತು. ಚಾರ್ಜು ಮುಗಿಯಿತೋ, ಕಳ್ಳನ ತಾಳ್ಮೆ ಮುಗಿಯಿತೋ ಹೇಳುವುದು ಕಷ್ಟ. ಮಾವ ಮಾತ್ರ ನನ್ನ ಸೋಫಾದಲ್ಲಿ ಪಂಪಿನ ಪಕ್ಕ ಕುಸಿದು ಕೂತರು. ಅಲ್ಲಿಯವರೆಗೆ ತಮಾಷೆಯಾಗಿದ್ದ ವಿಷಯ ನನಗೂ ಆಗ ತಮಾಷೆಯಾಗಿ ಕಾಣಲಿಲ್ಲ.

ಬೀರೂರಿಗೆ ಫೋನ್ ಮಾಡಿ "ಅಕ್ಕ ಎಲ್ಲಿ?" ಎಂದು ಕೇಳಿದರು. "ಉಂಡು ಮಲ್ಗವ್ರೆ ಕಣ್ರೀ. ಯಾಕೆ?" ಎಂದರು ಅತ್ತೆ. ಮಾವ ಉಸಿರು ಬಿಟ್ಟರು.

ಠಾಣೆಯಲ್ಲಿ ಇನ್ನೊಂದು ಪ್ರಹಸನ. ಅಲ್ಲಿದ್ದ ಪೇದೆ ತಾಳ್ಮೆಯ ಮನುಷ್ಯ. ಬರೆದುಕೊಳ್ಳುತ್ತ, "ಯಾವ ಸೆಟ್ಟು ಯಜಮಾನ್ರೇ?" ಎಂದು ಕೇಳಿದರು.

"ಬಟನ್ ಸೆಟ್ಟು."

ಪೇದೆ ಪೆನ್ನು ಕೆಳಗಿಟ್ಟರು. "ಬಟನ್ ಸೆಟ್ ಯಾರೂ ಕದಿಯಲ್ಲ ಕಣ್ರೀ. ಎಲ್ಲೋ ಬಿದ್ದೋಗಿರ್ತದೆ ನೋಡಿ."

ಮಾವನಿಗೆ ಎಲ್ಲಿಲ್ಲದ ಅವಮಾನವಾಯಿತು. "ಕದ್ದವ್ನೆ ಸ್ವಾಮಿ! ನಾನೇ ಮಾತಾಡಿದೀನಿ ಅವನ ಜೊತೆ. ಒಳ್ಳೆ ಹುಡುಗ!"

"ಒಳ್ಳೆ ಹುಡುಗ" ಎಂಬುದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಪೇದೆ ಬರೆದುಕೊಂಡರು. ಫೋನಿನ ಡಬ್ಬದ ಮೇಲೆ ಹದಿನೈದು ಅಂಕಿಯ ಇನ್ನೊಂದು ನಂಬರಿರುತ್ತದೆ, ಅದು ಬೇಕು ಎಂದರು. ಅತ್ತೆಗೆ ಫೋನ್ ಮಾಡಿದೆವು. ಆ ಡಬ್ಬದಲ್ಲಿ ಅತ್ತೆ ಸೂಜಿದಾರ ಇಟ್ಟುಕೊಂಡಿದ್ದರು. ಅಂಕಿ ಓದಿ ಹೇಳುತ್ತ, "ಅದೂ ಪಾತ್ರೆ ಮೇಲೆ ಹಾಕ್ಸಕ್ಕಾ?" ಎಂದು ಕೇಳಿದರು.

ಅಲ್ಲಿಂದ ಸಿಮ್ ಅಂಗಡಿ. ದೂರಿನ ಪ್ರತಿ ತೋರಿಸಿ, ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು, ಅದೇ ನಂಬರಿನ ಹೊಸ ಸಿಮ್ ಪಡೆದದ್ದಾಯಿತು. ನಾನು ಒಂದು ಹೊಸ ಬಟನ್ ಸೆಟ್ಟು ಕೊಡಿಸಿದೆ. "ನಾಳೆ ಸಂಜೆಯೊಳಗೆ ಆಕ್ಟಿವ್ ಆಗುತ್ತೆ" ಎಂದಳು ಅಂಗಡಿಯ ಹುಡುಗಿ.

"ಅಲ್ಲೀವರ್ಗೂ?"

"ಅಲ್ಲೀವರ್ಗೂ ಯಾವ ಕಾಲೂ ಬರಲ್ಲ ಅಂಕಲ್."

ಮಾವ ಆ ಸಿಮ್ಮನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಸಂಜೆ ಬೀರೂರಿನ ಮನೆಯಲ್ಲಿ ಸಭೆ ಸೇರಿತು. ಸಭೆ ಎಂದರೆ ಅತ್ತೆ, ನಾನು, ಮಾವ. ದೊಡ್ಡಮ್ಮ ಒಳಗೆ ಅವರೆಕಾಯಿ ಸುಲಿಯುತ್ತಿದ್ದಳು. "ಒಂದು ದಿನ ತಾನೇ, ನಾಳೆ ಬಾಗ್ಲು ಹಾಕಿ ಕೂರ್ಸಾಣ" ಎಂದರು ಅತ್ತೆ. ಕೆಟ್ಟ ಮಾತೇನಲ್ಲ. ನನಗೂ ಅದೇ ಸರಿ ಎನ್ನಿಸಿತು, ಹಾಗೇ ಹೇಳಿದೆ.

"ಕಳ್ಳ ಯಾರೋ, ಬೀಗ ಅವಳಿಗಾ?" ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಭಾನ್ವಾರ ತಾನೇ? ಇಲ್ಲೇ ಉಳ್ಕೋ. ಒಂದು ಫೋನಾದ್ರೂ ಜೊತೇಲಿರ್ಲಿ" ಎಂದರು.

ಮರುದಿನ ದೊಡ್ಡಮ್ಮ ಅಜ್ಜಂಪುರದ ಕಡೆಯ ಪ್ಯಾಸೆಂಜರ್ ಹತ್ತಿದಳು. ನಾವಿಬ್ಬರೂ ಅದೇ ಬೋಗಿಯ ಇನ್ನೊಂದು ಬಾಗಿಲಿನಿಂದ ಹತ್ತಿದೆವು. ಅವಳು ಕಿಟಕಿಯ ಪಕ್ಕ. ನಾವು ನಾಲ್ಕು ಬೆಂಚು ಹಿಂದೆ. ಮಾವ ಗುರುತು ಸಿಗಬಾರದೆಂದು ತಲೆಗೂ ಮುಖಕ್ಕೂ ಟವೆಲ್ ಸುತ್ತಿಕೊಂಡಿದ್ದರು. "ತಾನೇ ಒಬ್ಳೇ ಹೋಗ್ತಿದೀನಿ ಅಂದ್ಕೋಬೇಕು ಕಣೇ. ಇಲ್ದಿದ್ರೆ ಅವ್ಳಿಗೆ ಬೇಜಾರು" ಎಂದು ಪಿಸುಗುಟ್ಟಿದರು. ಉಪಾಯವೇನೋ ಚೆನ್ನಾಗಿತ್ತು. ಆದರೆ ಆ ದಾರಿಯಲ್ಲಿ ಮಾವನನ್ನು ಅರಿಯದವರು ಯಾರಿದ್ದಾರೆ? ಕಡಲೆಕಾಯಿ ಮಾರುವವನು ಬಂದವನೇ, "ಏನ್ ಮೋಟ್ರು ಸಾಹೇಬ್ರೇ, ಹಲ್ಲು ನೋವಾ?" ಎಂದು ಇಡೀ ಬೋಗಿಗೆ ಕೇಳುವಂತೆ ಕೂಗಿದ!

ದೊಡ್ಡಮ್ಮ ತಿರುಗಿ ನೋಡಿದಳು. ಎದ್ದು ಬಂದಳು. ತಮ್ಮನ ತಲೆಯ ಟವೆಲ್ ಬಿಚ್ಚಿದಳು.

"ಯಾಕೋ ಬಂದೆ?"

"ಸುಮ್ನೆ ಕಣಕ್ಕ. ಅಜ್ಜಂಪುರದಲ್ಲಿ ಒಂದು ಮೋಟ್ರು ನೋಡ್ಬೇಕಿತ್ತು."

ಅವಳು ಮಾವನ ಜೇಬಿಗೆ ಎರಡು ಬೆರಳು ಹಾಕಿ ತಡವಿದಳು. ಹೊಸ ಸೆಟ್ಟು ಮನೆಯಲ್ಲೇ ಇತ್ತು. "ಫೋನೆಲ್ಲೋ?"

"ಕಳ್ಳ ತಗೊಂಡೋದ ಕಣಕ್ಕ."

ದೊಡ್ಡಮ್ಮ ಖಾಲಿ ಜೇಬನ್ನು ಇನ್ನೊಮ್ಮೆ ತಡವಿದಳು. "ಮತ್ತೆ ನೀನು ಕಳ್ದೋದ್ರೆ?"

ಪೇದೆಗೆ, ಕಳ್ಳನಿಗೆ, ನೆಂಟರಿಗೆಲ್ಲ ಉತ್ತರ ಕೊಟ್ಟ ಮಾವ ಅವಳ ಕೈಯಿಂದ ಟವೆಲ್ ಎಳೆದುಕೊಂಡು ಕಣ್ಣು ಒರೆಸಿಕೊಂಡರು. ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ತಮ್ಮನನ್ನು ಕಿಟಕಿಯ ಕಡೆಗೆ ತಳ್ಳಿ, ಬೆಂಚಿನ ತುದಿಯಲ್ಲಿ ತಾನು ಕೂತು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಜ್ಜಂಪುರದಲ್ಲಿ ಇಳಿದಾಗಲೂ ಬಿಡಲಿಲ್ಲ. ಟೀ ಕುಡಿಯಲಿಲ್ಲ, ಊರು ನೋಡಲಿಲ್ಲ. ಸ್ಟೇಷನ್ನಿನಲ್ಲಿ ಕಂಡಕಂಡವರನ್ನೆಲ್ಲ "ಬೀರೂರು ಗಾಡಿ ಯಾವ್ದು?" ಎಂದು ಕೇಳಿದಳು. ಅವಳು ಆ ಪ್ರಶ್ನೆ ಕೇಳಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮಧ್ಯಾಹ್ನದ ಗಾಡಿ ಬಂದಾಗ, ಇದೇ ಹೌದೋ ಎಂದು ಇಬ್ಬರನ್ನು ವಿಚಾರಿಸಿ, ತಮ್ಮನನ್ನು ಮುಂದೆ ಹತ್ತಿಸಿ, ತಾನು ಹಿಂದೆ ಹತ್ತಿದಳು. ಬೀರೂರಿನಲ್ಲಿ ಇಳಿದು ಮನೆಯ ಬಾಗಿಲವರೆಗೂ ಹಾಗೇ ಎಳೆದುಕೊಂಡು ಬಂದಳು. ಮಾವ ಒಂದು ಸಲವೂ ಕೈ ಬಿಡಿಸಿಕೊಳ್ಳಲಿಲ್ಲ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ದೊಡ್ಡಮ್ಮ ಮಾವನ ಕೈಯನ್ನು ಅತ್ತೆಯ ಕೈಗೆ ಕೊಟ್ಟಳು.

"ತಗಳ್ಳೇ, ಅಜ್ಜಂಪುರದಲ್ಲಿ ಸಿಕ್ದ. ಸುಮ್ನೆ ಬಯ್ಬೇಡ, ಪಾಪ, ದಾರಿ ಗೊತ್ತಿಲ್ಲ ಇವನಿಗೆ."