ಭಾವನವರ ಮೀನು ಉಪವಾಸ ಬಿದ್ದದ್ದು

ನಮ್ಮ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ತಲೆ ಕೆಟ್ಟಿದೆ ಎಂದು ರಾಯಚೂರು ಜಿಲ್ಲೆಯಲ್ಲಿ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ತಲೆ ಅವರ ಹತ್ತಿರವೇ ಇರಬೇಕಲ್ಲ? ಅದನ್ನು ಅವರು ಎಂದೋ ಒಂದು ಮೀನಿಗೆ ಕೊಟ್ಟುಬಿಟ್ಟಿದ್ದರು!

ನಾನು ದೇವದುರ್ಗದಿಂದ ಮಾನ್ವಿಗೆ ಸೊಸೆಯಾಗಿ ಬಂದ ಹೊಸತು. ಶಕ್ತಿನಗರದಲ್ಲಿ ಆಗ ವಿದ್ಯುತ್ ಸ್ಥಾವರದ ಕೆಲಸ ಭರದಿಂದ ನಡೆದಿತ್ತು. ಅಲ್ಲಿನ ಎಂಜಿನಿಯರರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಗಾಜಿನ ತೊಟ್ಟಿಯನ್ನು ಮೀನುಗಳ ಸಮೇತ ಭಾವನವರಿಗೆ ದಾನ ಮಾಡಿದರು. ಭಾವನವರು ಊರಲ್ಲೇ ಅಕ್ಕಿ ಗಿರಣಿ ನಡೆಸುವವರು, ಮದುವೆಯಾಗದವರು, ಕೊಟ್ಟದ್ದನ್ನು ಬೇಡ ಎನ್ನಲು ಬಾರದವರು. ಗಿರಣಿಯ ಲಾರಿಯಲ್ಲಿ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಯವ್ವಾ, ಮೀನ ತಂದೀನಿ!"

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಎಂಬ ಶಬ್ದವನ್ನೂ ಪಿಸುಮಾತಿನಲ್ಲಿ ಆಡುವವರು ನಾವು! ಎದುರು ಮನೆಯ ಕಿಟಕಿಗಳು ಪಟಪಟ ತೆರೆದುಕೊಂಡವು. ಅತ್ತೆ ಪೂಜೆಯಿಂದ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು.

"ಇದು ತಿನ್ನೋ ಮೀನಲ್ಲ ಯವ್ವಾ, ನೋಡೋ ಮೀನು."

"ನೋಡೋ ಮೀನು ಬ್ಯಾರೆ ಇರ್ತಾವೇನು? ಇವತ್ತು ನೋಡ್ತಿ. ನಾಳಿ?"

ಕೊನೆಗೆ ತೊಟ್ಟಿ ಪಡಸಾಲೆ ಸೇರಿತು. ಅತ್ತೆ ಮಾತ್ರ ಆ ಕಡೆ ಹೋಗುವುದನ್ನೇ ಬಿಟ್ಟು, ಹಿತ್ತಲಿನಿಂದ ಸುತ್ತಿ ಬಳಸಿ ಓಡಾಡತೊಡಗಿದರು.

ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಭಾವನವರ ಲೆಕ್ಕದಲ್ಲಿ ಮೀನುಗಳೂ ಬಂದವರೇ. ಗಿರಣಿಯ ವ್ಯವಹಾರಕ್ಕೆ ಬಂದವರಿಗೆ ಮಂಡಾಳಿನ, ಅಂದರೆ ಮಂಡಕ್ಕಿಯ, ಒಗ್ಗರಣೆ ಬಂದಾಗಲೆಲ್ಲ, ಒಗ್ಗರಣೆ ಕಾಣದ ಒಂದು ಹಿಡಿ ಮಂಡಾಳು ತೊಟ್ಟಿಗೆ ಬೀಳುತ್ತಿತ್ತು. ಅಷ್ಟು ಸಾಲದೆಂದು ಬಂದವರ ಕೈಯಿಂದಲೂ ಹಾಕಿಸುವರು. "ಹಾಕ್ರಿ, ಹಾಕ್ರಿ, ಸಂಕೋಚ ಮಾಡಬ್ಯಾಡ್ರಿ!" ಸಂಕೋಚ ಯಾರಿಗಿತ್ತು? ಕಲ್ಲೂರಿನಿಂದ ಭತ್ತ ತಂದ ರೈತರು ಮೀನಿಗೆ ಉಣ್ಣಿಸಿದ ಮೇಲೆಯೇ ದರ ಮಾತಾಡುತ್ತಿದ್ದರು. ತೊಟ್ಟಿಯ ನೀರು ಗಂಜಿಯ ಬಣ್ಣಕ್ಕೆ ತಿರುಗಿತು. ಭಾವನವರು ಅದನ್ನು ಸಮೃದ್ಧಿ ಎಂದರು.

ಒಂದು ಬೆಳಿಗ್ಗೆ ನೋಡಿದರೆ ಬಂಗಾರದ ಬಣ್ಣದ ದೊಡ್ಡ ಮೀನಿನ ಬಾಲದ ಅಂಚು ಬೆಳ್ಳಗಾಗಿತ್ತು. ಸಂಜೆಗೆ ಅಂಚು ಎಳೆಎಳೆಯಾಗಿ ಬಿಚ್ಚಿತು. ಮರುದಿನ ಸೆರಗಿನಂಥ ಆ ಬಾಲ ಅರ್ಧಕ್ಕರ್ಧ ಕರಗಿಹೋಗಿತ್ತು! ಭಾವನವರು ಗಿರಣಿಗೆ ಹೋಗಲಿಲ್ಲ. ನೀರಿಗೆ ಅರಿಷಿಣ ಹಾಕಿದರು. ಮೀನಿಗೆ ಹಚ್ಚಲಾಗದ ವಿಭೂತಿಯನ್ನು ಗಾಜಿಗೆ ಮೂರು ಬೆರಳಲ್ಲಿ ಹಚ್ಚಿದರು. ಬಂದವರೊಬ್ಬರು ಕೇಳಿದರು: "ಏನ್ರೀ, ತೊಟ್ಟಿಗೂ ದೀಕ್ಷಾ ಆತೇನ್ರಿ?"

ಕೊನೆಗೆ ನನ್ನ ಗಂಡ ಶಕ್ತಿನಗರಕ್ಕೆ ಹೋಗಿ, ಮೀನು ಸಾಕಿ ಗೊತ್ತಿದ್ದ ಇನ್ನೊಬ್ಬ ಎಂಜಿನಿಯರರ ಹೆಂಡತಿಯನ್ನು ಕರೆತಂದರು. ಆ ತಾಯಿ ತೊಟ್ಟಿಯನ್ನು ನೋಡಿದ್ದೇ ಹಣೆ ಹಣೆ ಚಚ್ಚಿಕೊಂಡರು. ತಿನ್ನದೆ ಉಳಿದದ್ದು ಕೊಳೆತು ನೀರು ಕೆಟ್ಟಿದೆ, ಅದಕ್ಕೇ ಬಾಲ ಕೊಳೆಯುತ್ತಿದೆ. ರೋಗದ ಮೀನನ್ನು ಬೇರೆ ಪಾತ್ರೆಯಲ್ಲಿ ಚಿಟಿಕೆ ಉಪ್ಪಿನ ನೀರಿಗೆ ಬಿಡಿ, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿ, ಕೆಲವು ದಿನ ಏನೂ ತಿನ್ನಿಸಬೇಡಿ ಎಂದರು. ಆಮೇಲೆ ಬಾಯಿ ತೆರೆದು ತಿಂದರೆ ಬದುಕಿತು, ಇಲ್ಲವಾದರೆ ಇಲ್ಲ.

ಅತ್ತೆಯ ಶಾವಿಗೆ ತುಂಬಿದ ಗಾಜಿನ ಬರಣಿ ಖಾಲಿಯಾಯಿತು. ಶಾವಿಗೆ ಮೊರಕ್ಕೆ ಬಂತು, ಮೀನು ಬರಣಿಗೆ ಹೋಯಿತು. ಮಧ್ಯಾಹ್ನ ನಾನು ಊಟಕ್ಕೆ ಕರೆದರೆ ಭಾವನವರು ಏಳಲಿಲ್ಲ.

"ಮನ್ಯಾಗ ಒಂದು ಜೀವ ಹಸದು ಕುಂತದ. ಅದರ ಮುಂದ ನಾ ಹೆಂಗ ಉಣ್ಲವ್ವಾ?"

"ಅಡಗಿ ಮನ್ಯಾಗ ಉಣ್ರಿ, ಅದಕ್ಕ ಕಾಣೂದಿಲ್ಲ," ಅಂದೆ.

"ನನಗ ಕಾಣ್ತದಲ್ಲ!"

ಇದಕ್ಕೆ ಏನು ಹೇಳುತ್ತೀರಿ? ನಾನು ನಗುತ್ತಲೇ ತಟ್ಟೆ ಎತ್ತಿಟ್ಟೆ. ಆದರೆ ನಗು ಬಹಳ ದಿನ ಉಳಿಯಲಿಲ್ಲ. ಬರೀ ಚಹಾದ ಮೇಲೆ ಗಿರಣಿಗೆ ಹೋದ ಭಾವನವರು ಚೀಲಗಳ ಮೇಲೆ ತಲೆಸುತ್ತಿ ಕುಸಿದರು, ಹಮಾಲರು ಮನೆಗೆ ತಂದು ಮಲಗಿಸಿದರು. ಅಷ್ಟರಲ್ಲಿ ಮೀನಿಗೆ ತಿನ್ನಿಸುವ ದಿನ ಬಂದಿತ್ತು. ಅದು ಬರಣಿಯ ತಳದಲ್ಲಿ ಕೂತುಬಿಟ್ಟಿತು, ಕೊಟ್ಟ ಚೂರನ್ನು ಮೂಸಲೂ ಇಲ್ಲ. "ಮೊದಲ ಅದು ಉಣ್ಲಿ," ಎಂದು ಭಾವನವರು ಗೋಡೆಯತ್ತ ಹೊರಳಿ ಮಲಗಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಂದು ಮಧ್ಯಾಹ್ನ ಅತ್ತೆಯನ್ನು ಊಟಕ್ಕೆ ಕರೆಯಲು ಹುಡುಕಿದೆ. ದೇವರ ಮನೆಯಲ್ಲಿಲ್ಲ, ಹಿತ್ತಲಲ್ಲಿಲ್ಲ. ಪಡಸಾಲೆಯಲ್ಲಿ, ಬರಣಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಒಂದು ಮಂಡಾಳನ್ನು ಬೆರಳಲ್ಲಿ ಪುಡಿ ಮಾಡಿ, ಉಂಗುರದ ಕೈಯನ್ನು ನೀರಿಗೆ ಇಳಿಬಿಟ್ಟಿದ್ದರು.

"ಉಣ್ಣವ್ವಾ, ಒಂದ ಚೂರು. ನೀ ಉಂಡ್ರ ನನ್ನ ಮಗಾ ಉಣ್ತಾನ. ಅವ ಉಂಡ್ರ ನಾನೂ ಒಂದ್ ತುತ್ತು ಬಾಯಾಗ ಹಾಕ್ಕೊಂತೀನಿ."

ನಾನು ಬಾಗಿಲಲ್ಲೇ ನಿಂತೆ. ಇಷ್ಟು ದಿನ ಕರೆದಾಗಲೆಲ್ಲ "ನಂದು ಆಗ್ಯದ" ಅನ್ನುತ್ತಿದ್ದರು. ಮಗ ಉಣ್ಣದ ದಿನದಿಂದ ಅವರೂ ಉಂಡಿರಲಿಲ್ಲ. ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡು ನಕ್ಕವಳು ನಾನೊಬ್ಬಳೇ.

ಮೀನು ಅರ್ಧ ಬಾಲ ಅಲ್ಲಾಡಿಸುತ್ತ ನಿಧಾನಕ್ಕೆ ಮೇಲೆ ಬಂತು. ಅತ್ತೆಯ ಬೆರಳಿಗೆ ಬಾಯಿ ಹಚ್ಚಿತು. ಅವರು ಕೈ ತೆಗೆಯಲಿಲ್ಲ, ನನ್ನತ್ತ ತಿರುಗಲೂ ಇಲ್ಲ.

"ತಂಗೀ, ಹಂಚು ಇಡು. ಅವಗ ಬಿಸಿ ರೊಟ್ಟಿ ಬೇಕು."

ನನಗೆ ಅಳು ತಡೆಯಲಾಗಲಿಲ್ಲ. ಹಾಗೆಯೇ ಒಲೆ ಹೊತ್ತಿಸಿ, ಹಿಟ್ಟು ನಾದಲು ಕೂತೆ.