ಬೋಗಿ ಹಲಗೆಯ ಬಚ್ಚಲು

ಬಚ್ಚಲಿನ ನೆಲಕ್ಕೆ ಮರದ ಹಲಗೆ ಹಾಸಬೇಕೆಂಬ ಹುಚ್ಚು ಯೂಸುಫ್‌ಗೆ ಹತ್ತಿದ್ದು ಸೌದಿಯ ದಮ್ಮಾಮಿನಲ್ಲಿ. ಹದಿನಾರು ವರ್ಷ ಅವನು ಕಾರು ಓಡಿಸಿದ ಅರಬನ ಬಂಗಲೆಯಲ್ಲಿ ಸ್ನಾನದ ಕೋಣೆಗೂ ಮರದ ನೆಲವಿತ್ತು. ಊರಿಗೆ ಮರಳಿ ಹೆಜಮಾಡಿಯಲ್ಲಿ ಮನೆ ಕಟ್ಟಿಸುವಾಗ ಅವನು ಆಸೆ ಹೇಳಿಕೊಂಡರೆ, ಟೈಲ್ಸ್ ಹಾಕಲು ಬಂದ ಬಾಗಲಕೋಟೆಯ ಭೀಮೇಶ ಬಾಯಿ ತೆರೆದುಕೊಂಡೇ ನಿಂತ.

"ನೀರ್ ಬೀಳೂ ಜಾಗಾದಾಗ ಕಟ್ಟಿಗಿ ಹಾಕ್ತೀರೇನ್ರಿ ಸಾವ್ಕಾರ್ರ?"

ಯೂಸುಫ್‌ಗೆ ಮೈಯೆಲ್ಲ ಉರಿಯಿತು. ಮರ ನೀರಿಗೆ ಆಗದಿದ್ದರೆ ಕಡಲಲ್ಲಿ ದೋಣಿ ಹೇಗೆ ನಿಲ್ಲುತ್ತದೆ? ನೇರ ಕಡಲದಂಡೆಗೆ ನಡೆದು, ದೋಣಿ ಕಟ್ಟುವ ಸ್ಟ್ಯಾನಿಸ್ಲಾಸನನ್ನೇ ಕರೆತಂದ. ನಲವತ್ತು ವರ್ಷದಲ್ಲಿ ದೋಣಿ ಬಿಟ್ಟು ಬೇರೇನನ್ನೂ ಮುಟ್ಟದ ಮನುಷ್ಯ. ಅವನು ದೋಣಿಗೆ ಬಳಸುವ ಬೋಗಿ ಮರದ ಹಲಗೆ ಜೋಡಿಸಿ, ಸಂದಿಗೆಲ್ಲ ಹತ್ತಿ ತುರುಕಿ, ಮೇಲೆ ನೀರು ಹಿಡಿಯದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಬಾಗಿಲು ಹಾಕಿಸಿದ. "ಎಂಟು ದಿವಸ ಯಾರೂ ಒಳಗೆ ಹೋಗ್ಬಾರ್ದು. ಎಣ್ಣೆ ಒಣಗ್ಬೇಕು," ಎಂದು ತಾಕೀತು ಮಾಡಿ ಹೋದ.

ಒಂಬತ್ತನೆಯ ದಿನ ಭಾನುವಾರ. ಮಧ್ಯಾಹ್ನ ಕಾಪುವಿನಿಂದ ಮೊಯ್ದಿನಬ್ಬ ಹಾಜಿಯವರು ಮಗ ಸಫ್ರಾಝ್‌ನಿಗಾಗಿ ಯೂಸುಫ್‌ನ ಮಗಳು ನುಸೈಬಾಳನ್ನು ನೋಡಲು ಬರುವವರಿದ್ದರು. ಮೂರು ದೋಣಿಗಳ ಧಣಿ ಅವರು. ಈಗಾಗಲೇ ಎರಡು ಮನೆ ನೋಡಿ ಮೂಗು ಮುರಿದಿದ್ದರು. ಈ ಸಂಬಂಧ ತಪ್ಪಬಾರದೆಂದು ಯೂಸುಫ್ ರಾತ್ರಿಯಿಡೀ ನಿದ್ದೆಗೆಟ್ಟಿದ್ದ. ಬೆಳಗ್ಗೆ ಒಂಬತ್ತಕ್ಕೆ ಹೊಸ ಬಚ್ಚಲಿನ ಬಾಗಿಲು ತೆರೆದು, ಷವರ್ ತಿರುಗಿಸಿ, ಕಣ್ಣುಮುಚ್ಚಿ ತಲೆಗೆ ಸೋಪು ಹಚ್ಚಿಕೊಂಡ. ಅರಬನ ಸುಖ ಇಂಥದ್ದೇ ಇರಬೇಕು ಅನ್ನಿಸಿತು.

ಕಣ್ಣು ತೆರೆದಾಗ ಪಾದ ಕಾಣಲಿಲ್ಲ. ಹವಾಯಿ ಚಪ್ಪಲಿಯೊಂದು ತೇಲುತ್ತ ಕಣಕಾಲಿಗೆ ಬಂದು ತಾಗಿತು. ಷವರ್ ನಿಲ್ಲಿಸಿ, ನೀರು ಹೋಗುವ ತೂತಿಗಾಗಿ ಮೂಲೆಮೂಲೆ ತಡಕಾಡಿದ. ತೂತೇ ಇರಲಿಲ್ಲ.

"ರಾಬಿಯಾ! ಆ ಸ್ಟ್ಯಾನಿಗೆ ಫೋನ್ ಮಾಡು!" ಎಂದು ಹೆಂಡತಿಯನ್ನು ಕೂಗಿದ.

ಇಗರ್ಜಿಯಿಂದ ನೇರ ಬಂದ ಸ್ಟ್ಯಾನಿಸ್ಲಾಸ್, ಬಿಳಿ ಅಂಗಿಯಲ್ಲಿ ಬಾಗಿಲಲ್ಲಿ ನಿಂತು ನೀರು ನೋಡಿದ. ಮುಖದಲ್ಲಿ ಸಂತೋಷ ತುಂಬಿ ತುಳುಕಿತು.

"ಒಂದು ಹನಿ ಇಳಿದಿಲ್ಲ ನೋಡಿ ಯೂಸುಫಾಕ!"

"ಇಳಿಯುದಕ್ಕೆ ತೂತು ಎಲ್ಲಿ ಮಾರಾಯ?"

"ತೂತು ಒಂದು ಇತ್ತು. ನಾನೇ ಮುಚ್ಚಿದೆ. ತೂತು ಬಿಟ್ಟ್ರೆ ಮುಳುಗುದಿಲ್ವಾ?"

"ಮುಳುಗುದು ಎಂತ? ಇದು ಬಚ್ಚಲು! ಹೊಸ್ತಿಲನ್ನು ಯಾಕೆ ಇಷ್ಟು ಎತ್ತರ ಮಾಡಿದ್ದು?"

"ತೆರೆ ಬಂದ್ರೆ ಒಳಗೆ ನೀರು ನುಗ್ಗಬಾರ್ದು."

ಯೂಸುಫ್ ಗೋಡೆ ಹಿಡಿದುಕೊಂಡ. ಬೈರಿಗೆ ತಂದು ಈಗಲೇ ಒಂದು ತೂತು ಕೊರೆ ಎಂದು ಕೈಮುಗಿದ. ಸ್ಟ್ಯಾನಿಸ್ಲಾಸನಿಗೆ ಹೆತ್ತ ಮಗುವಿಗೆ ಚೂರಿ ಹಾಕೆಂದಷ್ಟು ಆಘಾತವಾಯಿತು. "ಈ ಕೈಯಲ್ಲಿ ಆಗುದಿಲ್ಲ. ಮತ್ತೆ ಇವತ್ತು ಆದಿತ್ಯವಾರ," ಎಂದುಬಿಟ್ಟ.

ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಹಾರ್ನ್ ಕೇಳಿಸಿತು. ಹನ್ನೆರಡಕ್ಕೆ ಬರಬೇಕಾದವರು ಹತ್ತಕ್ಕೇ ಬಂದಿದ್ದರು. ಯೂಸುಫ್ ಸೋಪಿನ ತಲೆಯ ಮೇಲೆಯೇ ಟೋಪಿ ಇಟ್ಟು, ಅಂಗಿ ಸಿಕ್ಕಿಸಿಕೊಂಡು ಓಡಿದ.

ಹಾಜಿಯವರು ಕಾರಿಳಿದವರೇ, "ಮೊದಲು ಕೈಕಾಲು ತೊಳೀಬೇಕಿತ್ತು," ಎಂದರು.

"ಬಾವಿಕಟ್ಟೆ ಉಂಟು ಹಾಜಿಯವರೇ. ನೀರು ಭಾರೀ ತಂಪು. ಅಲ್ಲಿಗೇ ಹೋಗುವ."

ಪಕ್ಕದ ಮನೆಯ ಪ್ರೆಸಿಲ್ಲಾಬಾಯಿ ಆಗಲೇ ಬೇಲಿ ದಾಟಿ ಬಂದಾಗಿತ್ತು. "ಬಾವಿಕಟ್ಟೆ ಎಂತಕ್ಕೆ? ಗಲ್ಫಿನ ಬಚ್ಚಲೇ ಉಂಟಲ್ಲ! ಬನ್ನಿ, ನಾನು ತೋರಿಸ್ತೇನೆ."

ತಡೆಯಲು ಹೋದ ಯೂಸುಫ್‌ನ ಕಣ್ಣಿಗೆ ಸೋಪು ಇಳಿಯಿತು. ಕಣ್ಣುಜ್ಜಿಕೊಂಡು ಓಡುವಷ್ಟರಲ್ಲಿ ಒಳಗಿನಿಂದ ದೊಡ್ಡದಾಗಿ 'ಧೊಪ್' ಎಂಬ ಸದ್ದು ಬಂತು. ನೀರಿನ ಮಧ್ಯೆ ಹಾಜಿಯವರು ನಿಂತಿದ್ದರು. ಬಿಳಿ ಪಂಚೆ ಮೊಣಕಾಲಿನ ತನಕ ಒದ್ದೆ. ರಾಬಿಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳ ಸಂಬಂಧ ಇಲ್ಲಿಗೆ ಮುರಿಯಿತೆಂದು ಯೂಸುಫ್ ಅಂದುಕೊಂಡ.

ಹಾಜಿಯವರು ಬೈಯಲಿಲ್ಲ. ಬಗ್ಗಿ, ನೀರೊಳಗೆ ಕೈಹಾಕಿ ಹಲಗೆಯ ಸಂದಿಯನ್ನು ಬೆರಳಲ್ಲಿ ಸವರಿದರು. ಹೊರಗೆ ಬಂದು ಗೋಡೆಯ ಬುಡ ಮುಟ್ಟಿ ನೋಡಿದರು. ಒಣಗಿತ್ತು.

"ಇದನ್ನು ಮಾಡಿದವರು ಯಾರು?"

ಸ್ಟ್ಯಾನಿಸ್ಲಾಸ್ ಅಂಗಿ ಸರಿಮಾಡಿಕೊಂಡು ಮುಂದೆ ಬಂದ.

"ನಮ್ಮ ಹೋದ ವರ್ಷದ ದೋಣಿ ನೀರಿಗೆ ಇಳಿಸಿದ ದಿವಸವೇ ಸೋರಿತ್ತು," ಎಂದು ಹಾಜಿಯವರು ಅವನ ಕೈ ಹಿಡಿದುಕೊಂಡರು. "ಇಂಥ ಕೆಲಸದವರನ್ನೇ ನಾನು ಹುಡುಕುದು." ಮತ್ತೆ ಯೂಸುಫ್‌ನ ಕಡೆ ತಿರುಗಿದರು. "ಇಂಥ ಕೆಲಸ ಮಾಡಿಸಿದ ಮನೆಯ ಸಂಬಂಧ ನನಗೆ ಒಪ್ಪಿಗೆ. ಸಫ್ರಾಝ್‌ನಿಗೆ ಅವನದೇ ಒಂದು ದೋಣಿ ಆಗದೆ ಮದುವೆ ಇಲ್ಲ ಅಂತ ನಾನು ಹೇಳಿಟ್ಟದ್ದು. ಅದನ್ನು ಇವರೇ ಕಟ್ಲಿ. ಪಾಲುದಾರರಿಗೆ ಈ ಕೆಲಸ ಕಣ್ಣಾರೆ ತೋರಿಸ್ಬೇಕು. ದೋಣಿ ಮುಗಿಯುವ ತನಕ ಇದು ಹೀಗೇ ಇರ್ಲಿ. ತೂತು ಹೊಡೀಬೇಡಿ, ನೀರು ಖಾಲಿ ಮಾಡ್ಬೇಡಿ."

"ದೋಣಿಗೆ ಎಷ್ಟು ಸಮಯ ಬೇಕು?" ಯೂಸುಫ್ ಸ್ಟ್ಯಾನಿಸ್ಲಾಸನನ್ನು ಕೇಳಿದ.

"ಒಂದು ವರ್ಷ ಅಂತೂ ಬೇಕು," ಎಂದ ಸ್ಟ್ಯಾನಿಸ್ಲಾಸ್, ಸೋಮವಾರದಿಂದ ಶುರು ಮಾಡುವ ಹುರುಪಿನಲ್ಲಿ.

"ಅಲ್ಲಿ ತನಕ ನಾವು ಸ್ನಾನ ಎಲ್ಲಿ ಮಾಡುದು ಹಾಜಿಯವರೇ?"

ಹಾಜಿಯವರು ಪಂಚೆ ಹಿಂಡುತ್ತ ನಕ್ಕರು. "ಬಾವಿಕಟ್ಟೆ ಉಂಟಲ್ಲ. ನೀರು ಭಾರೀ ತಂಪು ಅಂತ ನೀವೇ ಹೇಳಿದ್ರಿ."

ಕಾರು ಹೋದ ಮೇಲೆ ಯೂಸುಫ್ ಟೋಪಿ ತೆಗೆದ. ತಲೆಯ ಸೋಪು ಗಟ್ಟಿಯಾಗಿ ಅಂಟಿಕೊಂಡಿತ್ತು. ಕೊಡಪಾನ ಎತ್ತಿಕೊಂಡು ಅವನು ಬಾವಿಯ ಕಡೆ ನಡೆದ.